ಯಾರೂ ಕದಿಯದ ಕೆಸು

ಹತ್ತೊಂಬೈನೂರ ಮೂವತ್ತರ ದಶಕದ ಮಾತು. ಆಗಿನ್ನೂ ಕಾರವಾರದ ಕೋಡಿಬಾಗದಲ್ಲಿ ಹಿತ್ತಲಿಗೆ ಗೋಡೆ ಕಟ್ಟುವ ದೊಡ್ಡಸ್ತಿಕೆ ಬಂದಿರಲಿಲ್ಲ. ದಾಸವಾಳದ ಬೇಲಿ, ಅದರಲ್ಲೊಂದು ಕಂಡಿ. ಕೇಳಿ ತಂದ ಗಿಡ ಬೇರುಬಿಟ್ಟು ಹತ್ತುವುದಿಲ್ಲ, ಕದ್ದು ತಂದದ್ದೇ ಹತ್ತುತ್ತದೆ ಎಂಬುದು ನಮ್ಮ ಕಡೆ ಹೆಂಗಸರ ನಂಬಿಕೆ. ನೆರೆಮನೆಯ ಶೇವಂತಕ್ಕ, ಮೀನು ಮಾರುವವಳು, ಕದಿಯುವ ಮೊದಲು ಬೇಲಿಯಾಚೆ ನಿಂತು ಕೆಮ್ಮುತ್ತಿದ್ದಳು. ಕೆಮ್ಮು ಕೇಳಿದೊಡನೆ ನಮ್ಮ ಆಯಿ, ಎಂದರೆ ನಮ್ಮಮ್ಮ, ಕೈಯಲ್ಲಿನ ಕೆಲಸ ಬಿಟ್ಟು ಒಳಗೆ ಹೋಗಬೇಕು. ಆಯಿಯೇನು ಕಮ್ಮಿಯೇ? ಅವಳು ಕದ್ದು ತಂದ ಅರಿಶಿನ, ಅಬ್ಬಲಿಗೆ, ಬಸಳೆ ನಮ್ಮ ಹಿತ್ತಲ ತುಂಬ ಇದ್ದವು.

ಆದರೆ ಆಯಿಯ ಜೀವವೆಲ್ಲ ಬಾವಿಕಟ್ಟೆಯ ಹತ್ತಿರದ ಕರಿ ದಂಟಿನ ಕೆಸುವಿನ ಮೇಲೆ. ಮದುವೆಯಾಗಿ ಬರುವಾಗ ಅಂಕೋಲೆಯ ತವರಿನಿಂದ ಅದರ ಗಡ್ಡೆಯನ್ನು ಬಟ್ಟೆಗಂಟಿನಲ್ಲಿ ತಂದಿದ್ದಳಂತೆ. ಮಳೆಗಾಲದಲ್ಲಿ ಅದರ ಎಲೆಯ ಮೇಲೆ ನೀರಹನಿ ಉರುಳಿಸುವುದೇ ನಮ್ಮ ಆಟ. ಶ್ರಾವಣದಲ್ಲಿ ಪತ್ರೊಡೆ. ಬೆಂದ ಎಲೆ, ಹುಣಸೆ, ಬೆಲ್ಲದ ಘಮ ಎದ್ದರೆ ಓದು ಯಾರಿಗೆ ಬೇಕು? ಶೇವಂತಕ್ಕನ ಹಿತ್ತಲಲ್ಲಿ ಹೆಗ್ಗಣ ಅದರ ಗಡ್ಡೆ ತಿಂದಾಗಲೆಲ್ಲ ಅವಳು ಕೆಮ್ಮಿ ಮತ್ತೆ ಒಯ್ಯುತ್ತಿದ್ದಳು.

ಅಪ್ಪ ಕೋರ್ಟಿನಲ್ಲಿ ಪಟ್ಟೇವಾಲ. ದಿನವಿಡೀ ಕಳ್ಳರ ಹೆಸರು ಕೂಗಿ ಬಂದವರಿಗೆ ಮನೆಯಲ್ಲೂ ಕಳ್ಳತನವೆಂದರೆ ಮೈಯೆಲ್ಲ ಉರಿ.

"ಹೆಂಗಸರ ಶಾಸ್ತ್ರ ಅದು, ಬಿಟ್ಬಿಡಿ" ಎಂದಳು ಆಯಿ.

"ಕದ್ದದ್ದು ಕದ್ದದ್ದೇ. ಅದ್ರಲ್ಲೆಂತ ಶಾಸ್ತ್ರ?"

ಆ ಬೇಸಿಗೆಯಲ್ಲಿ ಬೇಲಿ ಹೋಗಿ ಹಿತ್ತಲ ಸುತ್ತ ಚಿರೇಕಲ್ಲಿನ ಗೋಡೆ ಎದ್ದೇಬಿಟ್ಟಿತು. ಶೇವಂತಕ್ಕ ಮುಂಬಾಗಿಲಿಗೆ ಬಂದು ಮೀನು ಕೊಟ್ಟು ಹೋಗುತ್ತಿದ್ದಳು. ಕೆಸು ಮಾತ್ರ ಕೇಳಲಿಲ್ಲ. ಕೇಳಿ ಒಯ್ಯುವುದುಂಟೇ?

ಮರುವರ್ಷ ಮಳೆ ಹಿಡಿಯುವ ಮೊದಲೇ ದೊಡ್ಡ ಗಾಳಿಯೆದ್ದು, ಅಮಾಸೆಯ ಉಬ್ಬರಕ್ಕೆ ಕಾಳಿ ಹೊಳೆಯ ಉಪ್ಪುನೀರು ಕೇರಿಗೆ ನುಗ್ಗಿತು. ಬೇಲಿಯಿದ್ದವರ ಹಿತ್ತಲಿಂದ ಬಂದ ಹಾಗೇ ಇಳಿದುಹೋಯಿತು. ನಮ್ಮಲ್ಲಿ ಮುಂಬದಿಯಿಂದ ಹೊಕ್ಕದ್ದು ತಗ್ಗಿನಲ್ಲಿದ್ದ ಹಿಂದಿನ ಗೋಡೆಗೆ ತಡೆದು ದಿನಗಟ್ಟಲೆ ನಿಂತಿತು. ಅಪ್ಪ ಹಾರೆ ಹಿಡಿದು ಗೋಡೆಯ ಬುಡಕ್ಕೆ ಕಂಡಿ ಕೊರೆಯುವಷ್ಟರಲ್ಲಿ ಗಡ್ಡೆಗಳೆಲ್ಲ ಕೊಳೆತು ನಾರುತ್ತಿದ್ದವು.

ಆಯಿ ಶೇವಂತಕ್ಕನ ಅಂಗಳಕ್ಕೆ ಹೋಗಿ, ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು. "ಒಂದು ಗಡ್ಡೆ ಆದ್ರೂ ಉಂಟನೇ ಅಕ್ಕಾ?"

"ಇಲ್ಲ ತಂಗಿ. ಹೋದ ಮಳೆಗಾಲದಲ್ಲೇ ಹೆಗ್ಗಣ ತಿಂತು. ನಿನ್ನ ಹಿತ್ತಲಲ್ಲಿ ಉಂಟಲ್ಲ ಅಂತ ಸುಮ್ಮಂಗಾದೆ."

ಆಯಿ ನನ್ನನ್ನು ಕರೆದುಕೊಂಡು ಅಂಕೋಲೆಗೆ ಹೋದಳು. ಅಜ್ಜಿ ತೀರಿಹೋದ ಮೇಲೆ ಸೋದರಮಾವ ಹಿತ್ತಲಿಡೀ ತೆಂಗು ನೆಟ್ಟಿದ್ದ. "ಅದನ್ನು ನೀನು ತಕಂಡು ಹೋಗಿದ್ಯಲ್ಲೇ ಅಕ್ಕ. ನಿನ್ನ ಕೈಲಿದ್ರೆ ಎಲ್ಲಿಗೆ ಹೋಗ್ತದೆ ಅಂತ ಇದ್ದೆ" ಎಂದ. ಬರುವಾಗ ದಾರಿಯುದ್ದಕ್ಕೂ ಆಯಿ ಅತ್ತಳು. ಅಜ್ಜಿ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಮ್ಮಪ್ಪ ಗೋಡೆ ಒಡೆಸಲು ಹೊರಟರು. "ಈಗೆಂತಕ್ಕೆ?" ಎಂದಳು ಆಯಿ. ಗೋಡೆ ಉಳಿಯಿತು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು, ಕೇರಿಯಲ್ಲಿ ಎಲ್ಲರೂ ಕಟ್ಟಿಸಿಕೊಂಡರು. ಈಗ ಯಾರ ಹಿತ್ತಲು ನೋಡಿದರೂ ಅದೇ ನರ್ಸರಿಯ ಅದೇ ಕ್ರೋಟನ್ ಗಿಡಗಳು.

ಪೇಟೆಯಲ್ಲಿ ಕೆಸು ಸಿಗುತ್ತದೆ, ಆಯಿಯ ಆ ಕರಿ ದಂಟಿನದಲ್ಲ. ತಂದು ಪತ್ರೊಡೆ ಮಾಡಿದರೆ ಮೊಮ್ಮಕ್ಕಳು ಚೆನ್ನಾಗಿದೆ ಎಂದು ತಿನ್ನುತ್ತಾರೆ. ಪಾಪ, ಅವರಿಗೇನು ಗೊತ್ತು? ಗೊತ್ತಿದ್ದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ನನಗೂ ಈಗ ಅದರ ರುಚಿ ಸರಿಯಾಗಿ ನೆನಪಾಗುತ್ತಿಲ್ಲ.