ಕೋರಿ ರೊಟ್ಟಿಯ ಪೆಟ್ಟಿಗೆಗೊಂದು ನಂಬರ್

ಕುದ್ರೋಳಿಯ ಹೇಮಾಕ್ಷಿ ಮಾಡುವ ಕೋರಿ ರೊಟ್ಟಿ, ಕೋಳಿ ಸಾರಿನ ಜೊತೆ ತಿನ್ನುವ ಆ ಒಣ ಅಕ್ಕಿ ರೊಟ್ಟಿ, ಬೆರಳು ತಾಗಿದರೆ ಚಟ್ಟೆಂದು ಮುರಿಯಬೇಕು. ಮುರಿಯದಿದ್ದರೆ ಆ ದಿನ ಕಾವಲಿಯ ಮುಂದೆ ನಿಂತವರ ಕಿವಿಗೆ ಸುಖವಿಲ್ಲ. ಗಂಡ ಗುರುವಪ್ಪ ಕೊಲ್ಲಿ ದೇಶದ ದಮ್ಮಾಮಿನ ಕೆಲಸ ಬಿಟ್ಟು ಬಂದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಒಲೆ ಹೂಡಿದವಳು ಅವಳೇ. ಹಿಟ್ಟು ರುಬ್ಬುವುದು ಗಂಡನ ಪಾಲು, ಬೈಯುವುದು ಅವಳ ಪಾಲು. ಬಸ್ಸಿನಲ್ಲಿ ಚೀಲ ಹೊತ್ತು ಅಂಗಡಿ ಅಂಗಡಿ ಅಲೆದು, ಕಡೆಗೆ ನಂತೂರಿನ ದೊಡ್ಡ ಸೂಪರ್‌ಮಾರ್ಕೆಟಿನ ಕಪಾಟಿಗೂ ರೊಟ್ಟಿ ಹತ್ತಿಸಿದಳು.

ಅಲ್ಲಿ ಬಾರ್‌ಕೋಡ್ ಬೇಕೆಂದರು. ಅರ್ಜಿ ಹಾಕಿ ಒಂದಷ್ಟು ನಂಬರ್ ಪಡೆದು, ಪ್ಯಾಕೆಟಿಗೆ ಒಂದನ್ನು ಕೊಟ್ಟಳು. ಇಪ್ಪತ್ತು ಪ್ಯಾಕೆಟ್ ಹಿಡಿಯುವ ಪೆಟ್ಟಿಗೆಗೆ? ಅದಕ್ಕೂ ಅದೇ ನಂಬರ್. ತುಳುವರ ಮನೆಯಲ್ಲಿ ಮಕ್ಕಳಿಗೆ ತಾಯಿಯ ಕುಲ ಬರುತ್ತದೆ, ಅದನ್ನು ‘ಬರಿ’ ಎನ್ನುತ್ತಾರೆ. ಪೆಟ್ಟಿಗೆ ತಾಯಿ, ಪ್ಯಾಕೆಟ್‌ಗಳು ಮಕ್ಕಳು. ಬೇರೆ ಬೇರೆ ನಂಬರ್ ಕೊಡಲು ಅವೇನು ಕಂಡವರ ಮಕ್ಕಳೇ?

ಮೂರು ವಾರ ಕಳೆಯುವಷ್ಟರಲ್ಲಿ ಸೂಪರ್‌ಮಾರ್ಕೆಟಿನ ಗೋದಾಮು ನೋಡಿಕೊಳ್ಳುವ ಮೊರಿಸ್ ಫೋನ್ ಮಾಡಿದ.

“ಹೇಮಕ್ಕ, ನಿಮ್ಮ ರೊಟ್ಟಿ ಖಾಲಿ ಅಂತ ಕಂಪ್ಯೂಟರ್ ಹೇಳ್ತದೆ. ಇಲ್ಲಿ ನೋಡಿದ್ರೆ ನನಗೆ ಕಾಲಿಡ್ಲಿಕ್ಕೆ ಜಾಗ ಇಲ್ಲ. ಪೆಟ್ಟಿಗೆಗೆ ಬಾರ್‌ಕೋಡ್ ಓದುವ ಗನ್ ಹಿಡಿದ್ರೆ ಒಂದೇ ಪ್ಯಾಕೆಟ್ ಬಂತು ಅಂತ ಬರ್ಕೊಳ್ತದೆ ಮಾರಾಯ್ರೆ!”

“ನಿಮ್ಮ ಗನ್ನಿಗೆ ಕಣ್ಣಿಲ್ವಾ? ಅಷ್ಟು ದೊಡ್ಡ ಪೆಟ್ಟಿಗೆ ಕಾಣುದಿಲ್ವಾ?”

“ಅದಕ್ಕೆ ಕಾಣುದು ಗೆರೆ ಮಾತ್ರ. ಸಂಜೆಯೊಳಗೆ ಸರಿ ಮಾಡಿ. ಇಲ್ಲದಿದ್ರೆ ಮಾಲು ವಾಪಸ್, ಕಪಾಟು ಬೇರೆಯವರಿಗೆ.”

ಹೇಮಾಕ್ಷಿಗೆ ಮೈಯೆಲ್ಲ ಉರಿಯಿತು. ಕಪಾಟು ಹೋದರೆ ಮತ್ತೆ ಅದೇ ಬಸ್ಸು, ಅದೇ ಚೀಲ, ಅಂಗಡಿಯವರ ಅದೇ ‘ನಾಳೆ ಬನ್ನಿ’.

“ಒಂದು ಮಾತು ಹೇಳ್ತೇನೆ, ಬೈಬಾರ್ದು,” ಎಂದ ಗುರುವಪ್ಪ.

“ಹೇಳಿ, ಆಮೇಲೆ ನೋಡುವ.”

“ನಿನಗೂ ನಿನ್ನ ಅಮ್ಮನಿಗೂ ಬರಿ ಒಂದೇ. ಹಾಗಂತ ನಿನ್ನನ್ನು ಯಾರಾದ್ರೂ ಕಿನ್ನಿಯಕ್ಕ ಅಂತ ಅವಳ ಹೆಸರಲ್ಲಿ ಕರೀತಾರಾ?”

ಹೇಮಾಕ್ಷಿ ಬೈಯುವುದನ್ನು ಬಿಟ್ಟು ಒಳಗಿಂದ ನಂಬರ್‌ಗಳ ಕಾಗದ ತಂದಳು. ಅವಳು ಪಡೆದ ನಂಬರ್‌ಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಳು. ಶುರುವಿನ ಅಂಕಿಗಳು ಎಲ್ಲದರಲ್ಲೂ ಒಂದೇ, ಅವು ಅವಳ ಕಂಪನಿಯವು. ಆಮೇಲಿನವು ಒಂದೊಂದು ಸರಕಿಗೆ ಒಂದೊಂದು. ಬರಿ ಅಲ್ಲಿಯೇ ಇತ್ತು. ಪೆಟ್ಟಿಗೆಗೆ ಹೆಸರಿಡುವುದೇ ಬಾಕಿ.

“ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?”

“ನೀನು ಬಾಯಿ ಮುಚ್ಚಿದ್ರೆ ಅಲ್ವಾ?”

ಪೆಟ್ಟಿಗೆಗೆ ಹೊಸ ನಂಬರ್ ಕೊಟ್ಟು, ಒಳಗೆ ಇಪ್ಪತ್ತು ಪ್ಯಾಕೆಟ್ ಉಂಟೆಂದು ಮೊರಿಸನಿಗೆ ತಿಳಿಸಿ ಕಂಪ್ಯೂಟರಿಗೆ ಹಾಕಿಸಿದಳು. ಜೆಪ್ಪುವಿನ ಪ್ರೆಸ್ಸಿನಲ್ಲಿ ಸ್ಟಿಕ್ಕರ್ ಮುದ್ರಿಸಿಕೊಂಡು, ಲಾರಿಗಳ ಸಂದಿಯಲ್ಲಿ ಸ್ಕೂಟರ್ ನುಗ್ಗಿಸುತ್ತ ಗಂಡ ಹೆಂಡತಿ ಗೋದಾಮು ಮುಟ್ಟಿದರು. ಗುರುವಪ್ಪ ಹೊಸ ಸ್ಟಿಕ್ಕರನ್ನು ಹಳೆಯದರ ಪಕ್ಕದಲ್ಲಿ ಚಂದವಾಗಿ ಅಂಟಿಸಿದ. ಮೊರಿಸ್ ಗನ್ ಹಿಡಿದ. ಒಂದು ಪ್ಯಾಕೆಟ್!

“ಅಯ್ಯೋ, ಹಳೆಯದನ್ನೇ ಓದಿತಲ್ಲ! ಅದರ ಮೇಲೆಯೇ ಅಂಟಿಸಿ, ಪೂರಾ ಮುಚ್ಚಬೇಕು!” ಹೇಮಾಕ್ಷಿ ಗಂಡನ ಕೈಯಿಂದ ಇನ್ನೊಂದು ಸ್ಟಿಕ್ಕರ್ ಕಿತ್ತುಕೊಂಡು ತಾನೇ ಒತ್ತಿದಳು. ಮತ್ತೆ ‘ಬೀಪ್’. ಪರದೆಯ ಮೇಲೆ ಇಪ್ಪತ್ತು.

“ಕಪಾಟು ನಿಮ್ಮದೇ, ಹೇಮಕ್ಕ.”

“ಸಾಬೂನಿನ ಪಕ್ಕ ಇಟ್ರೆ ನೋಡಿ ಮತ್ತೆ, ರೊಟ್ಟಿಗೆ ವಾಸನೆ ಹಿಡೀತದೆ,” ಎಂದು ಮೊರಿಸನಿಗೂ ಎರಡು ಮಾತು ಅಂದು, ಅವಳು ಸ್ಟಿಕ್ಕರ್ ಅಂಟಿಸಲು ಉಳಿದ ಪೆಟ್ಟಿಗೆಗಳ ನಡುವೆ ನೆಲದ ಮೇಲೆಯೇ ಕೂತುಬಿಟ್ಟಳು.

“ಎಂತ ನೋಡ್ತಾ ನಿಂತಿದ್ದೀರಿ? ಮೂಲೆ ಏಳ್ತಾ ಉಂಟು, ಒತ್ತಿ ಹಿಡೀರಿ!”

ಗುರುವಪ್ಪ ಒತ್ತಿ ಹಿಡಿದ.