‘ಕ್ಷೇಮ’ಕ್ಕೆ ಜಾಗ ಸಾಲದೆ

ಕೊಡಗು ಮೈಸೂರಿಗೆ ಸೇರಿದ ಹೊಸತರಲ್ಲಿ ವಿರಾಜಪೇಟೆಯಲ್ಲಿ ನನ್ನದೊಂದು ಅಂಗಡಿಯಿತ್ತು. ಕಾರುಗಳ ವಯರಿಂಗ್ ಮಾಡುತ್ತಿದ್ದೆ, ಬಿಡುವಾದಾಗ ಪೇಟೆಯವರಿಗೆ ಬೋರ್ಡು ಬರೆದುಕೊಡುತ್ತಿದ್ದೆ. ಅಕ್ಷರದಲ್ಲಿ ನನ್ನನ್ನು ಮೀರಿಸುವವನು ಊರಲ್ಲಿರಲಿಲ್ಲ. ಇದು ಜಂಭವಲ್ಲ, ನಿಜ. ಜಂಭದ ಕತೆ ಮುಂದಿದೆ.

ಸಿದ್ದಾಪುರದ ಕಡೆಯ ಕಾಫಿ ಸಾಹುಕಾರರೊಬ್ಬರು ಒಂದು ದಿನ ತಮ್ಮ ಹಳೆಯ ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಇಂಜಿನ್ನಿನ ಬಿಸಿ ತೋರಿಸುವ ಮೀಟರೇ ಅದರಲ್ಲಿರಲಿಲ್ಲ. ಅವರ ಡ್ರೈವರ್ ಐವತ್ತು ದಾಟಿದವನು, ಇಂಜಿನ್ನಿನ ಸದ್ದು ಕೇಳಿಯೇ ಅದರ ಹದ ಹೇಳುವವನು. ಕಣ್ಣೂರಿನಿಂದ ಬರುವಾಗ ಮಾಕುಟ್ಟದ ಘಾಟಿಯ ಅರ್ಧದಲ್ಲಿ ಕಾರು ನಿಲ್ಲಿಸಿ, ತಣಿಯಲಿ ಎಂದು ಕಾಯುತ್ತಿದ್ದ.

“ಇಂಜಿನ್ ತಣಿಸೋಕಲ್ಲ, ಬೀಡಿ ಸೇದೋಕೆ ನಿಲ್ಲಿಸ್ತಾನೆ,” ಎಂದರು ಸಾಹುಕಾರರು, ಅವನ ಎದುರಿಗೇ. “ನನ್ನ ಕಣ್ಣಿಗೆ ಕಾಣೋ ಹಾಗೆ ಒಂದು ಮೀಟರ್ ಕೂರಿಸು. ಚಂದ ಇರ್ಬೇಕು, ಕಂಡವರು ಎಲ್ಲಿ ಮಾಡಿಸಿದ್ರಿ ಅಂತ ಕೇಳ್ಬೇಕು. ಇನ್ನೊಂದ್ಸಲ ಇವನು ಸುಮ್ಮನೆ ನಿಲ್ಲಿಸಿದ ಅಂತ ಗೊತ್ತಾದ್ರೆ ಅವತ್ತೇ ಮನೆಗೆ.”

ಡ್ರೈವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಇದ್ದದ್ದು ಎಸ್ಟೇಟಿನ ಲೈನ್ ಮನೆಯಲ್ಲಿ. ಕೆಲಸ ಹೋದರೆ ಆ ಮನೆಯೂ ಹೋಗುತ್ತಿತ್ತು.

ಮಿಲಿಟರಿ ಲಾರಿಯ ಗುಜರಿಯಲ್ಲಿ ಒಂದು ಬಿಸಿ ಮೀಟರ್ ಸಿಕ್ಕಿತು. ಬೀಟೆ ಹಲಗೆಯಲ್ಲಿ ಅದಕ್ಕೊಂದು ಗುಂಡಗಿನ ತೂತು ಕೊರೆದು, ಸುತ್ತ ಹಿತ್ತಾಳೆಯ ಬಳೆ ಕೂರಿಸಿ, ಮುಖ ಕಾಣುವಷ್ಟು ಪಾಲಿಶ್ ಮಾಡಿದೆ. ಮೀಟರಿನ ಮೇಲಿದ್ದ ಅಂಕಿಗಳನ್ನು ಕೆರೆದು ತೆಗೆದೆ. ಓಡುವ ಕಾರಿನಲ್ಲಿ ಅಂಕಿ ಓದುತ್ತಾ ಕೂರುವವರು ಯಾರು? ಎಡಕ್ಕೆ ‘ತಂಪು’, ಬಲಕ್ಕೆ ಕೆಂಪಿನಲ್ಲಿ ‘ಕುದಿ’, ನಡುವೆ ಹಸಿರಿನಲ್ಲಿ, ಕಾಗದ ಬರೆಯುವಾಗ ನಾವೆಲ್ಲ ಮೊದಲು ಹಾಕುವ ಮಾತು: ‘ಕ್ಷೇಮ’. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಎಡವಟ್ಟಾದದ್ದು ಅಲ್ಲೇ. ‘ಕ್ಷೇ’ ಬರೆಯಬೇಕಾದರೆ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ‘ಮ’ ಎಂಬುದೋ ಕಾಲು ಚಾಚಿ ಕೂರುವ ಅಕ್ಷರ. ಇದ್ದ ಜಾಗದಲ್ಲಿ ಬರೆದರೆ ಇಕ್ಕಟ್ಟಾಗಿ ಅಸಹ್ಯವಾಗಿ ಕಾಣುತ್ತಿತ್ತು. ಹಸಿರು ಪಟ್ಟಿಯನ್ನೇ ಬಲಕ್ಕೆ ಎಳೆದೆ. ‘ಕುದಿ’ ಅಂಚಿಗೆ ಹೋಗಿ ಮುದುಡಿಕೊಂಡಿತು.

ಒಲೆಯ ಮೇಲೆ ನೀರಿಟ್ಟು, ಮೀಟರಿನ ತಂತಿಯ ತುದಿಯನ್ನು ಅದರಲ್ಲಿ ಅದ್ದಿ ನೋಡಿದೆ. ನೀರು ಕೊತಕೊತ ಕುದಿಯುತ್ತಿತ್ತು. ಮುಳ್ಳು ‘ಮ’ದ ಮೇಲೆ ನಿಂತಿತ್ತು. ಕಂಡೆ, ಚೆನ್ನಾಗಿಯೇ ಕಂಡೆ. ಅಳಿಸಿ ಬರೆಯಲು ಒಂದು ದಿನ ಸಾಕಾಗಿತ್ತು. ಅಷ್ಟು ಚಂದದ ಅಕ್ಷರ ಅಳಿಸಲು ಮನಸ್ಸು ಬರಲಿಲ್ಲ, ಒಂದು ಕೂದಲಗಲ ಆಚೀಚೆ ಆದರೆ ಏನು ಮಹಾ ಎಂದು ಒಲೆ ಆರಿಸಿದೆ.

ಕಾರಿಗೆ ಕೂರಿಸುವಾಗ ಡ್ರೈವರ್ ಬಗ್ಗಿ ನೋಡಿದ. “ಕುದಿಗೆ ಇಷ್ಟೇ ಜಾಗವಾ ಮಾರಾಯ? ಮುಳ್ಳು ಅಲ್ಲಿಗೆ ಹೋಗಿ ಮುಟ್ಟೋ ಹೊತ್ತಿಗೆ ಇಂಜಿನ್ ಉಳೀತದಾ?”

ನನಗೆ ಮೈಯೆಲ್ಲಾ ಉರಿಯಿತು. “ಸ್ಟೇರಿಂಗ್ ಹಿಡಿಯೋದು ನಿನ್ನ ಕೆಲಸ, ಬರೆಯೋದು ನನ್ನ ಕೆಲಸ. ಬೀಡಿಗೆ ಕಲ್ಲು ಬಿತ್ತು ಅಂತ ಸಂಕಟವಾ? ತಲೆ ತಿನ್ಬೇಡ, ಹೋಗು.” ಸಾಹುಕಾರರು ಗಹಗಹಿಸಿ ನಕ್ಕರು. ಅವರು ನಕ್ಕದ್ದು ನನಗೆ ಬಹಳ ಹಿತವಾಯಿತು.

ಮುಂದಿನದನ್ನು ನನಗೆ ಹೇಳಿದವರು ಸಾಹುಕಾರರೇ. ಘಾಟಿಯ ಅದೇ ತಿರುವಿನಲ್ಲಿ ಅವನು ಮತ್ತೆ ಕಾರು ನಿಲ್ಲಿಸಿದನಂತೆ. “ಕುದೀತಾ ಉಂಟು ಸಾವ್ಕಾರ್ರೇ, ಕೇಳ್ತಾ ಉಂಟು,” ಎಂದನಂತೆ.

“ಕ್ಷೇಮ ಅಂತ ಬರೆದುಂಟಲ್ಲ, ಕಣ್ಣಿಲ್ವಾ ನಿಂಗೆ? ಕುದೀತಿದ್ರೆ ಮುಚ್ಚಳ ತೆಗೆದು ತೋರ್ಸು. ಇಲ್ಲಾಂದ್ರೆ ಇಲ್ಲೇ ಕೆಲಸ ಬಿಟ್ಟು ನಡಿ.”

ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಬಾರದೆಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು, ಅದರ ಮೇಲೆ ಗೋಣಿ ಹಾಕಿ ತಿರುಗಿಸಿದ. ಕುದಿನೀರು ಮುಖಕ್ಕೇ ಹಾರಿತು.

“ಬಿಸಿ ಇಂಜಿನ್ನಿನ ಮುಚ್ಚಳ ತೆರೆದ್ರೆ ನೀರು ಹೇಗೂ ಹಾರ್ತದೆ, ಅದಕ್ಕೆ ಕುದ್ದಿರಲೇಬೇಕಾ?” ಎಂದರು ಸಾಹುಕಾರರು. “ಮುಳ್ಳು ‘ಮ’ದ ಮೇಲಿತ್ತು. ನಾನೇ ಕಂಡೆ. ಕಳ್ಳ, ಹಟಕ್ಕೆ ಬಿದ್ದು ಕಣ್ಣು ಕಳ್ಕೊಂಡ. ನಿನ್ನ ಮೀಟರ್ ಬೋರ್ಡಲ್ಲಿ ಎಂತ ದೋಷವೂ ಇಲ್ಲ ತಾನೇ?”

‘ಮ’ದ ಮೇಲೆ! ಆಗಲೇ ಹೇಳಬಹುದಿತ್ತು. ಆದರೆ ಆ ಬೋರ್ಡು ನೋಡಿ ಇನ್ನೂ ಮೂವರು ಸಾಹುಕಾರರು ತಮಗೂ ಬೇಕೆಂದಿದ್ದರು. “ಸರಿಯಾಗೇ ಉಂಟು,” ಎಂದೆ. ನನ್ನ ನಾಲಿಗೆ ತೊದಲಲೂ ಇಲ್ಲ.

ಕೆಲವು ತಿಂಗಳಾದ ಮೇಲೆ ಡ್ರೈವರ್ ಗೋಡೆ ತಡವುತ್ತಾ ಅಂಗಡಿಗೆ ಬಂದ. ಒಂದು ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದು ಹಾಲಿನಂತೆ ಬೆಳ್ಳಗಾಗಿತ್ತು. ಆ ಹೊತ್ತಿಗೆ ನಾನು ಹೊಸ ಬೋರ್ಡು ಬರೆಯುತ್ತಿದ್ದೆ. ಅದರಲ್ಲಿ ‘ಕ್ಷೇಮ’ವನ್ನು ಚಿಕ್ಕದಾಗಿ ಬರೆದು, ‘ಕುದಿ’ಗೆ ಬೇಕಾದಷ್ಟು ಜಾಗ ಬಿಟ್ಟಿದ್ದೆ. ಅವನಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಹಲಗೆಯನ್ನು ಮಗುಚಿಟ್ಟೆ.

“ನಿಜ ಹೇಳು ಮಾರಾಯ, ನಿನ್ನ ಬೋರ್ಡಲ್ಲಿ ಏನಾದ್ರೂ ತಪ್ಪಿತ್ತಾ? ಇತ್ತು ಅಂತ ನೀನೊಂದು ಮಾತು ಹೇಳಿದ್ರೆ ಸಾವ್ಕಾರ್ರು ಕರುಣೆ ತೋರ್ಸಿಯಾರು. ಮನೆ ಬಿಡಿಸಿದ್ದಾರೆ. ಸುಳ್ಳುಗಾರ ಅಂತ ಕಳಿಸಿದ್ದಾರೆ.”

“ಕುದಿಯೋ ನೀರಲ್ಲಿ ಅದ್ದಿ ನೋಡಿದ್ದೇನೆ, ನನ್ನ ಕೈಯಾರೆ,” ಎಂದೆ. “ಎಂತ ತಪ್ಪೂ ಇಲ್ಲ.”

ಅವನು ನಾನಿದ್ದ ಕಡೆಗೆ ಅಂದಾಜಿನಲ್ಲಿ ಕೈ ಮುಗಿದ. “ಹಾಗಾದ್ರೆ ನನ್ನ ಕಿವಿಯೇ ಕೆಟ್ಟಿತ್ತು. ಸುಮ್ಮನೆ ನಿನ್ನ ಮೇಲೆ ಅನುಮಾನ ಪಟ್ಟೆ. ಮನಸ್ಸಲ್ಲಿ ಇಟ್ಕೋಬೇಡ.”

“ಮುಂದೆ ಮೆಟ್ಟಿಲುಂಟು, ನಿಧಾನ,” ಎಂದೆ. ಅವನಿಗೆ ನಾನು ಹೇಳಿದ ಪೂರ್ತಿ ನಿಜ ಅದೊಂದೇ.