ಸಂಜೆಯವರಿಗೂ ಅರಳಿದ ಕೊಳ

ಉಷ್ಣವಲಯದ ಜಲಸಸ್ಯಗಳನ್ನು ಚಳಿಯ ಊರಿನಲ್ಲಿ, ಗಾಜಿನ ಸೂರಿನಡಿ, ಕಾಯಿಸಿದ ನೀರಿನಲ್ಲಿ ಬೆಳೆಸಬಲ್ಲವರು ವಿರಳ. ಯಾವ ಕೊಳಕ್ಕೆ ಯಾವ ಗಿಡ ಸಲ್ಲುತ್ತದೆಂದು ವಿವೇಚಿಸಿ ಆರಿಸಬಲ್ಲವರು ಇನ್ನೂ ವಿರಳ. ಅಂಥವರ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುವವರು ನಮ್ಮ ಸಸ್ಯೋದ್ಯಾನದ ಜಲಸಸ್ಯ ವಿಭಾಗದ ನಿವೃತ್ತ ಮುಖ್ಯಸ್ಥೆ, ನಮ್ಮೆಲ್ಲರ ಬಾಯಲ್ಲಿ ‘ಕೊಳದಕ್ಕ’. ಅವರ ಪಾಂಡಿತ್ಯವನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ವಿದ್ವಾಂಸರು ಬರೆದಿದ್ದಾರೆ. ಉದ್ಯಾನದ ಗಾಜಿನ ಮನೆಯ ಕೊಳದ ನೀರು ಕಾಯಿಸುವ ಬಾಯ್ಲರ್ ನೋಡಿಕೊಂಡಿದ್ದ ನಾನು, ಹತ್ತಿರದಿಂದ ಕಂಡ ಅವರ ಮನಸ್ಸನ್ನು ಕುರಿತು ನಾಲ್ಕು ಮಾತು ಬರೆಯುತ್ತೇನೆ.

ಅವರು ಕೆಲಸಕ್ಕೆ ಬಂದಾಗ ಕೊಳ ಹೆಸರಿಗಷ್ಟೇ ಇತ್ತು. ಅಂತರಗಂಗೆ ಹಬ್ಬಿ ನೀರೇ ಕಾಣುತ್ತಿರಲಿಲ್ಲ; ತಾವರೆ ಮೊಗ್ಗು ಬಿಡದೆ ಹಳದಿಯಾಗಿ ನಿಂತಿತ್ತು. ನೀರಿನ ಬಿಸಿ ಸಾಲದೆಂದು ಉದ್ಯಾನದ ನಿರ್ದೇಶಕರು ನನ್ನನ್ನು ದೂರುತ್ತಿದ್ದರು. ಕೊಳದಕ್ಕನವರು ಆ ಚಳಿಗಾಲವಿಡೀ ಒಂದು ಗಿಡವನ್ನೂ ನೆಡದೆ, ಬಿಸಿಲು ಸರಿದಂತೆ ತಮ್ಮ ಕುರ್ಚಿಯನ್ನೂ ಸರಿಸುತ್ತ ಕುಳಿತು ನೋಡಿದರು.

“ಬಾಯ್ಲರಣ್ಣನ್ನ ಬಯ್ಬೇಡಿ ಸರ್. ಕೊರತೆ ಇರೋದು ಬೆಳಕಿಂದು. ಬೆಳಕಿಲ್ದೆ ಬರೀ ಬಿಸಿ ಕೊಟ್ರೆ, ಹಸಿದ ಹೊಟ್ಟೇಲಿ ಓಟ ಓಡ್ಸಿದ ಹಾಗೆ” ಎಂದರು.

ತಾವರೆಯನ್ನು ಬೇರೆ ಉದ್ಯಾನಕ್ಕೆ ಕಳಿಸಿದರು. ನೆರಳಿನ ಅಂಚಿಗೆ ಕೆಸುವಿನ ಜಾತಿಗಳು, ನಡುವಿನ ಬಿಸಿಲಿಗೆ ಹಗಲಲ್ಲಿ ಅರಳುವ ನೈದಿಲೆಗಳು ಬಂದವು. ಪರಾತದಷ್ಟು ಎಲೆಯ ದೈತ್ಯ ನೈದಿಲೆಯೊಂದು ಬೇಕೆಂದು ನಿರ್ದೇಶಕರು ಆಸೆಪಟ್ಟಾಗ, “ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ ಸರ್. ಅದೊಂದು ಬಂದ್ರೆ ಮಿಕ್ಕಿದ್ದೆಲ್ಲ ಕತ್ತಲಲ್ಲಿ” ಎಂದು ನಗುತ್ತಲೇ ತಡೆದರು.

ನನ್ನ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮುಗಿಸಿ, ನನ್ನನ್ನು ಕರೆದೊಯ್ಯಲು ಸಂಜೆ ಹಿಂಬಾಗಿಲಿನಿಂದ ಬರುತ್ತಿದ್ದಳು. ಅಷ್ಟರಲ್ಲಿ ಹೂಗಳೆಲ್ಲ ಮುಚ್ಚಿರುತ್ತಿದ್ದವು. “ನಿಮ್ಮ ಹೂಗಳಿಗೂ ನಮ್ಮತ್ತೆಗೂ ಒಂದೇ ಬುದ್ಧಿ ಕಣಕ್ಕ. ನನ್ನ ಕಂಡ ತಕ್ಷಣ ಮುಖ ಮುಚ್ಕೊಳ್ತವೆ” ಎಂದು ಅವಳೊಮ್ಮೆ ನಕ್ಕಳು. ಕೊಳದಕ್ಕ ನಗಲಿಲ್ಲ.

ಮರುವಸಂತದಲ್ಲಿ ಕೊಳದ ಅತ್ಯುತ್ತಮ ಜಾಗದಲ್ಲಿ ಮುಸ್ಸಂಜೆಗೆ ಅರಳುವ ನೈದಿಲೆಗಳಿದ್ದವು. ಸಂಜೆಯೂ ಬಾಗಿಲು ತೆರೆಯಬೇಕೆಂದು ಅವರು ಪಟ್ಟು ಹಿಡಿದರು. “ಹಗಲೆಲ್ಲ ದುಡಿಯೋರಿಗೂ ಇದರಲ್ಲಿ ಪಾಲಿದೆ ಸರ್.” ಒಂದು ವರ್ಷ ನೋಡೋಣ, ಹೂವಿದ್ದರೆ ಬಾಗಿಲು ತೆರೆದಿರಲಿ ಎಂದು ನಿರ್ದೇಶಕರು ಒಪ್ಪಿದರು. ಬೇಕರಿಯವರು, ಬಸ್ಸಿನವರು, ದಾದಿಯರು ಬರತೊಡಗಿದರು. ನನ್ನವಳು ಮೊದಲ ದಿನ ಕಟ್ಟೆಯ ಮೇಲೆ ಕುಳಿತು, ಮಾತೇ ಆಡದೆ ಮನೆಗೆ ಬಂದಳು. ಮಾತಿನಮಲ್ಲಿಯಾದ ಅವಳ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಆ ಚಳಿಗಾಲದಲ್ಲಿ ಬಾಯ್ಲರ್ ಒಡೆಯಿತು. ಹೊಸ ಭಾಗ ಬರುವುದು ತಡವಾಗಿ, ನೀರು ತಣ್ಣಗಾಗುತ್ತ ಹೋಯಿತು. ವಿದ್ಯುತ್ ಹೀಟರಿನಿಂದ ಬೆಚ್ಚಗಿಡಲು ಸಾಧ್ಯವಿದ್ದದ್ದು ನನ್ನ ಕೋಣೆಯ ಪುಟ್ಟ ತೊಟ್ಟಿಯೊಂದನ್ನು ಮಾತ್ರ. ಕೊಳದಲ್ಲಿ ಅವರು ವರ್ಷಗಟ್ಟಲೆ ಮಿಶ್ರತಳಿ ಮಾಡಿ ಪಡೆದ ನೀಲಿ ನೈದಿಲೆಯೂ ಇತ್ತು. ಜಗತ್ತಿನಲ್ಲಿ ಇದ್ದದ್ದು ಅದೊಂದೇ ಬುಡ. ಅದನ್ನು ಎತ್ತಲೆಂದು ನಾನು ನೀರಿಗಿಳಿದೆ.

“ಅದಲ್ಲ ಅಣ್ಣ, ಸಂಜೆಯವನ್ನ ಎತ್ತಿ.”

“ಅಕ್ಕ, ಇದು ನಿಮ್ಮ ಮಗು ಇದ್ದ ಹಾಗೆ.”

“ಇದು ಹೋದ್ರೆ ನಾನೊಬ್ಳು ಅಳ್ತೀನಿ. ಅವು ಹೋದ್ರೆ ಬಾಗಿಲೇ ಮುಚ್ಚತ್ತೆ.”

ತೊಟ್ಟಿಯಲ್ಲಿ ಬೇರೆಯದಕ್ಕೆ ಜಾಗ ಉಳಿಯಲಿಲ್ಲ. ನೀಲಿ ನೈದಿಲೆ ಕೊಳೆತುಹೋಯಿತು. ಅದರ ಗೆಡ್ಡೆಯನ್ನು ಅವರೇ ಕೈಯಾರೆ ಕಿತ್ತರು. ನಾನು ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ಸಂಜೆಯ ಬಾಗಿಲು ಮಾತ್ರ ಇಂದಿಗೂ ಮುಚ್ಚಿಲ್ಲ. ಈ ತ್ಯಾಗವನ್ನು ಅವರು ಎಲ್ಲಿಯೂ ಹೇಳಿಕೊಂಡವರಲ್ಲವಾದ್ದರಿಂದ, ಅವರ ಅಪ್ಪಣೆಯಿಲ್ಲದೆಯೇ ಇಲ್ಲಿ ಬರೆದಿದ್ದೇನೆ.

ನಿವೃತ್ತಿಯ ಮರುವಾರವೇ ಮಕ್ಕಳ ಆಸ್ಪತ್ರೆಯವರು ತಮ್ಮ ಪಡಸಾಲೆಯ ಹೊಸ ಕೊಳಕ್ಕೆ ಗಿಡ ಆರಿಸಿಕೊಡಿರೆಂದು ಅವರನ್ನು ಕರೆದಿದ್ದಾರೆ. ಜೊತೆಗೆ ಹೋಗಿದ್ದೆ. ಅವರು ನೀರು ಮುಟ್ಟಲಿಲ್ಲ, ಸೂರು ನೋಡಲಿಲ್ಲ. ಮಕ್ಕಳನ್ನು ಒಯ್ಯುವ ಗಾಲಿಮಂಚದ ಮೇಲೆ ಒಂದಷ್ಟು ಹೊತ್ತು ಮಲಗಿ, “ಇಲ್ಲಿಂದ ಏನು ಕಾಣತ್ತೆ ನೋಡ್ಬೇಕು” ಎಂದರು. ಆ ಕಣ್ಣು ಮಂಜಾಗದಿರಲಿ, ಮಂಡಿ ನೋಯದಿರಲಿ. ಇನ್ನೂ ಬಹುಕಾಲ ಅವರ ಕೈ ಕೆಸರಾಗಿಯೇ ಇರಲಿ.